ಪೆಟ್ರೋಲ್ ಡಬ್ಬದ ಕಥೆ ನಿಜವಾಗಿತ್ತು: ವಾರ್ ಗ್ರೇವ್ಸ್ ಕಮಿಷನ್‌ನಲ್ಲಿ ನಮ್ಮ ಮಿಲಿಟರಿ ಅಜ್ಜನನ್ನು ಹುಡುಕಿದ್ದು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆತನದಲ್ಲಿ ಯಾರಾದರೂ ಮೊದಲನೇ ಅಥವಾ ಎರಡನೇ ಮಹಾಯುದ್ಧಕ್ಕೆ ಹೋಗಿ ವಾಪಸ್ ಬರಲೇ ಇಲ್ಲ ಅಂತಿದ್ದರೆ, ಒಂದು ಸಂಜೆ ಬಿಡುವು ಮಾಡಿಕೊಂಡು, ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿಗೆ ಹೋಗಿ ಅವರ ಹೆಸರು ಹುಡುಕಿ. ಪೂರ್ತಿ ಉಚಿತ. ಹುಡುಕುವುದಕ್ಕೆ ಖಾತೆ ಕೂಡ ತೆರೆಯಬೇಕಿಲ್ಲ. ನನಗೆ ಸಿಕ್ಕಿದ್ದು ಒಂದೇ ಒಂದು ಪುಟ, ಅದರಲ್ಲಿ ಏಳೆಂಟು ಸಾಲು. ಆ ಏಳೆಂಟು ಸಾಲಿಗೆ ನಮ್ಮ ಅಜ್ಜಿ 80 ವರ್ಷ ಕಾದಿದ್ದರು.

ನಮ್ಮ ಅಜ್ಜಿಯ ಅಣ್ಣನನ್ನು ಮನೆಯಲ್ಲಿ ಎಲ್ಲರೂ ಮಿಲಿಟರಿ ಅಜ್ಜ ಅಂತಲೇ ಕರೆಯುತ್ತೇವೆ. ಅಜ್ಜ ಆಗುವಷ್ಟು ವಯಸ್ಸು ಅವರಿಗೆ ಬರಲೇ ಇಲ್ಲ, ಆದರೂ ಆ ಹೆಸರು ಹಾಗೇ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಲಾರಿ ಡ್ರೈವರ್ ಆಗಿ ಬರ್ಮಾಕ್ಕೆ, ಅಂದರೆ ಈಗಿನ ಮ್ಯಾನ್ಮಾರ್‌ಗೆ ಹೋದವರು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸೈನ್ಯಕ್ಕೆ ದಿನಸಿ, ಮದ್ದುಗುಂಡು, ಪೆಟ್ರೋಲ್ ಎಲ್ಲವನ್ನೂ ಸಾಗಿಸುವ ವಿಭಾಗ. ಮನೆಯವರಿಗೆ ಗೊತ್ತಿದ್ದದ್ದು ಇಷ್ಟೇ. ಎರಡು ಮೂರು ಪೋಸ್ಟ್ ಕಾರ್ಡ್ ಬಂದವು, ಅದರಲ್ಲಿ ಅರ್ಧ ಸಾಲುಗಳ ಮೇಲೆ ಕಪ್ಪು ಮಸಿ ಬಳಿದಿದ್ದರು. ಆಮೇಲೆ ಒಂದು ತಂತಿ ಬಂತು, ನಾಪತ್ತೆ ಅಂತ. ಅಷ್ಟೇ.

ನಾಪತ್ತೆ ಅನ್ನುವ ಮಾತು ಒಂದು ಮನೆಗೆ ಏನು ಮಾಡುತ್ತದೆ ಅಂತ ನನಗೆ ಅಜ್ಜಿಯನ್ನು ನೋಡಿಯೇ ಗೊತ್ತಾಗಿದ್ದು. ಸತ್ತರು ಅಂದರೆ ಅತ್ತು ಮುಗಿಸಬಹುದು. ನಾಪತ್ತೆ ಅಂದರೆ ಬಾಗಿಲು ಹಾಕುವುದಕ್ಕೆ ಆಗಲ್ಲ. ಅಜ್ಜಿಯ ತಾಯಿ ತಾವು ಸಾಯುವವರೆಗೂ ಮಗನ ಬಟ್ಟೆಯನ್ನು ಯಾರಿಗೂ ಕೊಡಲಿಲ್ಲವಂತೆ.

ಯುದ್ಧ ಮುಗಿದ ಮೇಲೆ ಮಿಲಿಟರಿ ಅಜ್ಜನ ಜೊತೆಗಿದ್ದ ಒಬ್ಬರು ಮನೆಗೆ ಬಂದಿದ್ದರಂತೆ. ಬಂದು ಜಗುಲಿಯಲ್ಲಿ ಕೂತು ದೊಡ್ಡವರ ಹತ್ತಿರ ಮಾತಾಡಿದ್ದಾರೆ. ಅಜ್ಜಿ ಆಗ ಚಿಕ್ಕ ಹುಡುಗಿ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದು ಮೂರೇ ಮೂರು ಸಂಗತಿ. ದೊಡ್ಡ ಹೊಳೆ. ಸೇತುವೆಯನ್ನು ನಮ್ಮವರೇ ಹಾರಿಸಿಬಿಟ್ಟರು. ಜನ ಖಾಲಿ ಪೆಟ್ರೋಲ್ ಡಬ್ಬ ಕಟ್ಟಿಕೊಂಡು ಹೊಳೆಗೆ ಇಳಿದರು. ನಾವು ಮೊಮ್ಮಕ್ಕಳು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ, ನಮ್ಮವರೇ ಸೇತುವೆ ಯಾಕೆ ಹಾರಿಸುತ್ತಾರೆ, ಚಿಕ್ಕ ವಯಸ್ಸಿನಲ್ಲಿ ಕೇಳಿದ್ದು, ಅಜ್ಜಿಗೆ ಎಲ್ಲೋ ಕಲಸಿಹೋಗಿದೆ ಅಂತ. ಹಾಗೆ ಅಂದುಕೊಂಡಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಇನ್ನು ಹುಡುಕಾಟದ ವಿಷಯಕ್ಕೆ ಬರುತ್ತೇನೆ.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ವಂಶದ ಮಾಹಿತಿ, ಸೈನಿಕರ ದಾಖಲೆ ಎಲ್ಲ ಹುಡುಕಿ ಕೊಡುತ್ತೇವೆ ಅನ್ನುವ ಒಂದು ಕಡೆ ದುಡ್ಡು ಕಟ್ಟಿದೆ. ಯಾರು ಅಂತ ಹೆಸರು ಹೇಳಲ್ಲ. ಮೂರು ತಿಂಗಳು ಕಾಯಿಸಿದರು, ಫೋನ್ ಮಾಡಿದರೆ ಕೆಲಸ ನಡೀತಿದೆ ಅಂದರು, ಕೊನೆಗೆ ಒಂದು ಚೆಂದದ ಪಿಡಿಎಫ್ ಕಳಿಸಿದರು. ಬೇರೆ ಯಾರದ್ದೋ ಹೆಸರು, ಬೇರೆ ರೆಜಿಮೆಂಟು. ಅವರು ಸತ್ತಿದ್ದು ಇಟಲಿಯಲ್ಲಿ! ಆ ಕಾಗದವನ್ನು ಅಜ್ಜಿಗೆ ತೋರಿಸದೇ ಇದ್ದದ್ದು ಒಳ್ಳೆಯದಾಯಿತು. ಆ ಪಿಡಿಎಫ್‌ನ ಕೊನೆಯಲ್ಲಿ ಮಾಹಿತಿ ಎಲ್ಲಿಂದ ತೆಗೆದುಕೊಂಡಿದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು, ವಾರ್ ಗ್ರೇವ್ಸ್ ಕಮಿಷನ್ ಅಂತ. ಹೋಗಿ ನೋಡಿದರೆ ಅಲ್ಲಿ ಯಾರು ಬೇಕಾದರೂ ಸುಮ್ನೆ ಹುಡುಕಬಹುದು. ಅದಕ್ಕೇ ಹೇಳುತ್ತಿದ್ದೇನೆ, ಯಾರಿಗಾದರೂ ದುಡ್ಡು ಕೊಡುವ ಮೊದಲು ನೀವೇ ಒಂದು ಸಲ ನೋಡಿ.

ಈ ಕಮಿಷನ್ ಏನು ಅಂತ ಸ್ವಲ್ಪ ಹೇಳಬೇಕು, ಗೊತ್ತಿದ್ದರೆ ಹುಡುಕುವುದು ಸುಲಭ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಫೇಬಿಯನ್ ವೇರ್ ಅನ್ನುವವರಿಗೆ 45 ವರ್ಷ, ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಅವರು ರೆಡ್ ಕ್ರಾಸ್‌ನ ಒಂದು ತಂಡದ ಜೊತೆ ಫ್ರಾನ್ಸಿಗೆ ಹೋದರು. ಸತ್ತವರನ್ನು ಎಲ್ಲಿ ಹೂಳುತ್ತಿದ್ದಾರೆ ಅಂತ ಯಾರೂ ಬರೆದಿಡುತ್ತಿಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು. ತಾವೇ ಬರೆದಿಡುವುದಕ್ಕೆ ಶುರು ಮಾಡಿದರು. 1917ರಲ್ಲಿ ಅದೇ ಕೆಲಸ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಆಯಿತು, 1960ರಲ್ಲಿ ಇಂಪೀರಿಯಲ್ ಹೋಗಿ ಕಾಮನ್‌ವೆಲ್ತ್ ಬಂತು. ಈಗ ಅವರ ಪಟ್ಟಿಯಲ್ಲಿ ಸುಮಾರು 17 ಲಕ್ಷ ಹೆಸರುಗಳಿವೆ, ಸಮಾಧಿ ಮತ್ತು ಸ್ಮಾರಕಗಳು 150ಕ್ಕೂ ಹೆಚ್ಚು ದೇಶಗಳಲ್ಲಿವೆ. ದೆಹಲಿಯ ಇಂಡಿಯಾ ಗೇಟ್ ಮೇಲಿರುವ 13 ಸಾವಿರಕ್ಕೂ ಹೆಚ್ಚು ಹೆಸರುಗಳು, ಸಿಂಗಪುರದ ಕ್ರಾಂಜಿ ಸ್ಮಾರಕದ 24 ಸಾವಿರಕ್ಕೂ ಹೆಚ್ಚು ಹೆಸರುಗಳು, ಫ್ರಾನ್ಸಿನ ನವ್ ಶಾಪೆಲ್‌ನಲ್ಲಿರುವ ಭಾರತೀಯ ಸೈನಿಕರ ಹೆಸರುಗಳು, ಎಲ್ಲ ಇದೇ ಪಟ್ಟಿಯಲ್ಲಿ ಬರುತ್ತವೆ.

ತಾರೀಖಿನ ಗಡಿ ನೆನಪಿಟ್ಟುಕೊಳ್ಳಿ, ಇದು ಮುಖ್ಯ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31. ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಸೈನಿಕರಲ್ಲಿ ಈ ಅವಧಿಯಲ್ಲಿ ಸೇವೆಯಲ್ಲಿದ್ದು ಸತ್ತವರು, ಇಲ್ಲವೇ ಸೇವೆ ಬಿಟ್ಟ ಮೇಲೆ ಆ ಸೇವೆಯ ಕಾರಣದಿಂದಲೇ ಇದೇ ಅವಧಿಯಲ್ಲಿ ಸತ್ತವರು ಮಾತ್ರ. ಯುದ್ಧ ಮುಗಿದು ಎರಡು ವರ್ಷ ಆದಮೇಲೆ ಸತ್ತವರೂ ಇರಬಹುದು ಅಂತಾಯಿತು, ಅಲ್ವಾ? ಹಾಗಾಗಿ 1945ಕ್ಕೆ ನಿಲ್ಲಿಸಬೇಡಿ. ಈ ಅವಧಿ ಮುಗಿದ ಮೇಲೂ ಬದುಕಿದ್ದವರ ಹೆಸರು ಇಲ್ಲಿ ಇರುವುದೇ ಇಲ್ಲ. ಸ್ವಾತಂತ್ರ್ಯದ ನಂತರದ ಯುದ್ಧಗಳಲ್ಲಿ, 1962, 1965, 1971ರಲ್ಲಿ ಮನೆಯವರನ್ನು ಕಳೆದುಕೊಂಡವರು ನೋಡಬೇಕಾದದ್ದು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರಲ್ಲಿ ಅದು ಉದ್ಘಾಟನೆಯಾದಾಗ ಕಲ್ಲಿನ ಗೋಡೆಗಳ ಮೇಲೆ 25,942 ಹೆಸರು ಕೆತ್ತಿದ್ದರು.

ಈಗ ಹುಡುಕುವ ಕಷ್ಟ. ಹೆಸರು ಹಾಕಿದ ತಕ್ಷಣ ಸಿಕ್ಕಿಬಿಡುತ್ತದೆ ಅಂದುಕೊಳ್ಳಬೇಡಿ. ನಮ್ಮ ಕಡೆ ಹೆಸರನ್ನು ಆ ಕಾಲದಲ್ಲಿ ಇಂಗ್ಲಿಷಿನಲ್ಲಿ ಬರೆದವನು ಯಾವುದೋ ಗುಮಾಸ್ತ. ಹುಡುಗ ಬಾಯಲ್ಲಿ ಹೇಳಿದ, ಇವನು ಕಿವಿಗೆ ಬಿದ್ದ ಹಾಗೆ ಬರೆದ. ಕೊನೆಯ 'ಅಪ್ಪ' ಎಷ್ಟೋ ಸಲ 'ಅಪ' ಆಗಿರುತ್ತದೆ, 'ಅಯ್ಯ' ಒಂದೊಂದು ಕಡೆ ಒಂದೊಂದು ಥರ, ವಿ ಇರುವ ಕಡೆ ಡಬ್ಲ್ಯು, ಟಿ ಪಕ್ಕದಲ್ಲಿ ಎಚ್ ಇರಬಹುದು, ಇಲ್ಲದಿರಬಹುದು. ಸರ್‌ನೇಮ್ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಇತ್ತು? ಒಂದೇ ಹೆಸರು ಇದ್ದವರದ್ದು ಸರ್‌ನೇಮ್ ಇರಬೇಕಾದ ಜಾಗದಲ್ಲೇ ಕೂತಿರುತ್ತದೆ. ನಾನು ಮಿಲಿಟರಿ ಅಜ್ಜನ ಹೆಸರನ್ನು ಹನ್ನೊಂದು ಥರ ಬರೆದು ನೋಡಿದೆ. ಒಂದರಲ್ಲೂ ಅವರು ಸಿಗಲಿಲ್ಲ. ಒಂದು ಥರ ಬರೆದರೆ ಯಾರೂ ಇಲ್ಲ, ಇನ್ನೊಂದು ಥರ ಬರೆದರೆ ಅದೇ ಹೆಸರಿನವರು ಸಾಲು ಸಾಲಾಗಿ ಬಂದರು, ಒಬ್ಬೊಬ್ಬರನ್ನೇ ತೆಗೆದು ನೋಡುತ್ತಾ ಕೂತರೆ ಮನಸ್ಸು ಭಾರವಾಗುತ್ತಿತ್ತು, ಏಕೆಂದರೆ ಪ್ರತಿಯೊಂದರಲ್ಲೂ ಇಂಥವರ ಮಗ, ಇಂಥ ಹೆಂಗಸಿನ ಗಂಡ, ಇಂಥ ಊರು ಅಂತ ಇರುತ್ತದೆ.

ದಾರಿ ತೋರಿಸಿದ್ದು ಒಂದು ಪದಕ. ಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ ಅಜ್ಜಿಯ ತಾಯಿಗೆ ಸರ್ಕಾರದಿಂದ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಬಂದಿತ್ತು. ಅಜ್ಜಿ ಅದನ್ನು ಹಳೇ ಸೀರೆಯ ತುಂಡಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಬರ್ಮಾ ಸ್ಟಾರ್. ಆರು ಮೂಲೆಯ ಕಂಚಿನ ನಕ್ಷತ್ರ, ರಿಬ್ಬನ್ ಕಡು ನೀಲಿ, ನಡುವೆ ಅಗಲವಾದ ಕೆಂಪು ಪಟ್ಟಿ, ಎರಡೂ ಬದಿಯ ನೀಲಿಯಲ್ಲಿ ಒಂದೊಂದು ಕಿತ್ತಳೆ ಗೆರೆ. ನಾನು ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಯಾವತ್ತೂ ತಿರುಗಿಸಿ ನೋಡಿರಲಿಲ್ಲ. ಈ ಸಲ ಕಿಟಕಿ ಹತ್ತಿರ ಹಿಡಿದು ಹಿಂದೆ ತಿರುಗಿಸಿದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಅಕ್ಷರಗಳು. ಫೋನಿನ ಕ್ಯಾಮೆರಾದಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ, ಸೇವಾ ಸಂಖ್ಯೆ, ಹುದ್ದೆ, ಹೆಸರು, ವಿಭಾಗ, ಎಲ್ಲ ಒಂದೇ ಸಾಲಿನಲ್ಲಿ ಒತ್ತಿದ್ದಾರೆ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಆದರೆ ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ಸಾಮಾನ್ಯವಾಗಿ ಹೆಸರು, ನಂಬರ್ ಒತ್ತಿರುತ್ತಾರೆ. ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ, ದುಂಡನೆಯದಾದರೆ ಅಂಚಿನಲ್ಲಿ. ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ದಯವಿಟ್ಟು ಹೋಗಿ ತಿರುಗಿಸಿ ನೋಡಿ. ಹೊಳಪು ಬರಲಿ ಅಂತ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತದೆ.

ಹುಡುಕುವ ಪುಟದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಸೇವಾ ಸಂಖ್ಯೆ ಮಾತ್ರ ಹಾಕಿದೆ. ಒಂದೇ ಒಂದು ಫಲಿತಾಂಶ ಬಂತು.

ಹೆಸರು ನಾನು ಊಹಿಸದೇ ಇದ್ದ ಹನ್ನೆರಡನೇ ಥರದಲ್ಲಿತ್ತು! ನಡುವಿನ ಒಂದು ಅಕ್ಷರವೇ ಬೇರೆ. ಆದರೆ ಕೆಳಗೆ ತಂದೆಯ ಹೆಸರು ಇತ್ತು, ಊರಿನ ಹೆಸರು ಇತ್ತು, ಅದನ್ನೂ ಗುಮಾಸ್ತ ಮುರಿದು ಬರೆದಿದ್ದ, ಆದರೂ ಜೋರಾಗಿ ಓದಿದರೆ ನಮ್ಮದೇ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಸತ್ತ ದಿನ 1942ರ ಫೆಬ್ರವರಿ 23. ವಯಸ್ಸು 22. ಸ್ಮಾರಕ: ರಂಗೂನ್ ಮೆಮೋರಿಯಲ್, ಮ್ಯಾನ್ಮಾರ್. ಪಕ್ಕದಲ್ಲಿ 'ಫೇಸ್' ಅಂತ ಬರೆದು ಒಂದು ನಂಬರ್, ಅಂದರೆ ಹೆಸರು ಕಂಬದ ಯಾವ ಮುಖದ ಮೇಲಿದೆ ಅನ್ನುವ ಗುರುತು.

ಆ ತಾರೀಖನ್ನು ನಾನು ಸುಮ್ನೆ ಇಂಟರ್ನೆಟ್‌ನಲ್ಲಿ ಹಾಕಿ ನೋಡಿದೆ. ಮೈ ಜುಂ ಅಂದಿತು.

1942ರ ಫೆಬ್ರವರಿ 23ರ ಬೆಳಗಿನ ಜಾವ ಬರ್ಮಾದ ಸಿಟ್ಟಾಂಗ್ ನದಿಯ ಸೇತುವೆಯನ್ನು ಬ್ರಿಟಿಷ್ ಸೈನ್ಯ ತಾನೇ ಹಾರಿಸಿತು. ಜಪಾನಿನವರು ಹತ್ತಿರ ಬಂದುಬಿಟ್ಟಿದ್ದರು, ಸೇತುವೆ ಅವರ ಕೈಗೆ ಸಿಕ್ಕರೆ ರಂಗೂನ್‌ಗೆ ದಾರಿ ಸಲೀಸು ಅನ್ನುವ ಭಯ. ಆದರೆ ಆ ಹೊತ್ತಿಗೆ 17ನೇ ಇಂಡಿಯನ್ ಡಿವಿಷನ್ನಿನ ಹೆಚ್ಚಿನ ಜನ ಇನ್ನೂ ನದಿಯ ಆಚೆ ದಡದಲ್ಲೇ ಇದ್ದರು. ಅದು ರೈಲಿನ ಸೇತುವೆ, ಲಾರಿ ಹೋಗಲಿ ಅಂತ ಹಳಿಯ ಮೇಲೆ ಹಲಗೆ ಹಾಸಿದ್ದರು. ಹಿಂದಿನ ದಿನ ಬೆಳಗಿನ ಜಾವ ಒಂದು ಲಾರಿ ಹಲಗೆಯಿಂದ ಜಾರಿ ಸಿಕ್ಕಿಕೊಂಡು ಗಂಟೆಗಟ್ಟಲೆ ದಾರಿ ಕಟ್ಟಿತು, ಹಿಂದೆ ಲಾರಿಗಳ ಸಾಲು ನಿಂತುಬಿಟ್ಟಿತು. ಸೇತುವೆ ಹೋದಮೇಲೆ ಆಚೆ ಉಳಿದವರು ಬಿದಿರು ಕಟ್ಟಿಕೊಂಡು, ಖಾಲಿ ಪೆಟ್ರೋಲ್ ಡಬ್ಬ ಕಟ್ಟಿಕೊಂಡು, ಸಿಕ್ಕಿದ್ದನ್ನು ಹಿಡಿದುಕೊಂಡು ನದಿಗೆ ಇಳಿದರು. ಎಷ್ಟೋ ಜನ ದಾಟಿದರು, ಎಷ್ಟೋ ಜನ ದಾಟಲಿಲ್ಲ. ಮಾರ್ಚ್ 8ಕ್ಕೆ ರಂಗೂನ್ ಬಿತ್ತು.

ದೊಡ್ಡ ಹೊಳೆ. ನಮ್ಮವರೇ ಹಾರಿಸಿದ ಸೇತುವೆ. ಪೆಟ್ರೋಲ್ ಡಬ್ಬ. ಅಜ್ಜಿಗೆ ಏನೂ ಕಲಸಿಹೋಗಿರಲಿಲ್ಲ. ಬಾಗಿಲ ಹಿಂದೆ ನಿಂತ ಹುಡುಗಿ ಕೇಳಿಸಿಕೊಂಡ ಮೂರಕ್ಕೆ ಮೂರೂ ಸರಿ ಇದ್ದವು, ತಾರೀಖು ಒಂದು ಅವರ ಹತ್ತಿರ ಇರಲಿಲ್ಲ, ಕಮಿಷನ್‌ನವರ ಹತ್ತಿರ ತಾರೀಖು ಒಂದೇ ಇತ್ತು, ಕಥೆ ಇರಲಿಲ್ಲ.

ಪುಟದಲ್ಲಿ ಇನ್ನೇನು ಸಿಗುತ್ತದೆ ಅಂತ ಹೇಳುತ್ತೇನೆ. ಹೆಸರು ಮತ್ತು ಸ್ಮಾರಕದ ಹೆಸರು ಇರುವ ಒಂದು ಪ್ರಮಾಣಪತ್ರವನ್ನು ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಎಷ್ಟೋ ಜನರ ಪುಟದಲ್ಲಿ ಹಳೆಯ ಕಾಗದಗಳ ಸ್ಕ್ಯಾನ್ ಇರುತ್ತದೆ. ಸಮಾಧಿ ದಾಖಲು ಮಾಡಿದ ಪಟ್ಟಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಥಳಾಂತರ ಮಾಡಿದ ವರದಿ, ಟೈಪ್‌ರೈಟರ್ ಅಕ್ಷರ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಿದ್ದಿದ್ದು. ಅವುಗಳನ್ನು ಬಿಡದೆ ಓದಿ, ಮೇಲಿನ ಪುಟದಲ್ಲಿ ಇಲ್ಲದ ವಿವರ ಕೆಲವು ಸಲ ಅಲ್ಲಿರುತ್ತದೆ. ಸ್ಮಾರಕದ ಹೆಸರು ಒತ್ತಿದರೆ ಆ ಜಾಗದ ಪುಟ ತೆರೆಯುತ್ತದೆ, ಹೇಗೆ ಹೋಗಬೇಕು, ಎಷ್ಟು ಜನ ಇದ್ದಾರೆ, ಚರಿತ್ರೆ ಏನು ಎಲ್ಲ ಇರುತ್ತದೆ.

ರಂಗೂನ್ ಸ್ಮಾರಕ ಇರುವುದು ರಂಗೂನ್, ಅಂದರೆ ಈಗಿನ ಯಾಂಗೋನ್‌ನಿಂದ ಉತ್ತರಕ್ಕೆ, ಟೌಕ್ಯಾನ್ ಅನ್ನುವ ಕಡೆ. ಬರ್ಮಾದಲ್ಲಿ ಬೇರೆ ಬೇರೆ ಕಡೆ, ಹೋಗುವುದಕ್ಕೇ ಕಷ್ಟವಾದ ಜಾಗಗಳಲ್ಲಿದ್ದ ಸಮಾಧಿಗಳನ್ನು 1951ರಿಂದ ಇಲ್ಲಿಗೆ ತಂದರು. ಎರಡನೇ ಯುದ್ಧದ 6,374 ಸಮಾಧಿಗಳಿವೆ, ಅದರಲ್ಲಿ 867 ಜನ ಯಾರು ಅಂತಲೇ ಗೊತ್ತಾಗಿಲ್ಲ. ಸಮಾಧಿಯೇ ಇಲ್ಲದವರ ಹೆಸರುಗಳು, ಸುಮಾರು 27 ಸಾವಿರ, ಕಂಬಗಳ ಮೇಲಿವೆ. ಫೋಟೋದಲ್ಲಿ ನೋಡಿದರೆ ಕಂಬಗಳ ಎರಡು ಉದ್ದ ಸಾಲು, ನಡುವೆ ದುಂಡನೆಯ ತೆರೆದ ಮಂಟಪ, ಪ್ರತಿ ಕಂಬದ ಮೇಲೂ ಮೇಲಿನಿಂದ ಕೆಳಗೆ ಹೆಸರು. ಅಲ್ಲಿ ಕೆತ್ತಿರುವ ಬರಹದಲ್ಲಿ ಒಂದು ಮಾತಿದೆ, ಜೊತೆಯವರಿಗೆ ಸಿಕ್ಕ ಅಂತ್ಯಸಂಸ್ಕಾರ ಇವರಿಗೆ ಸಿಗದಂತೆ ಯುದ್ಧ ಮಾಡಿತು ಅನ್ನುವ ಅರ್ಥದ್ದು. ಅದನ್ನು ಓದಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಲ್ಲಿಯವರಿಗೂ ಅದು ಗೊತ್ತಾಗಿದೆಯಲ್ಲ ಅಂದರು.

ಎಲ್ಲ ಚೆನ್ನಾಗಿದೆ ಅಂತ ಹೇಳಿ ಮುಗಿಸುವುದಕ್ಕೆ ನನಗೆ ಮನಸ್ಸಿಲ್ಲ, ಒಂದು ದೊಡ್ಡ ವಿಷಯ ನೀವು ತಿಳಿದಿರಬೇಕು. ಸತ್ತವರೆಲ್ಲ ಸಮಾನರು, ಹುದ್ದೆ, ಜನಾಂಗ, ಧರ್ಮ ನೋಡದೆ ಪ್ರತಿಯೊಬ್ಬರಿಗೂ ಹೆಸರಿನ ಸಮೇತ ಗೌರವ ಕೊಡಬೇಕು ಅನ್ನುವುದು ಈ ಕಮಿಷನ್ನಿನ ಮೂಲ ತತ್ವ. ಆದರೆ ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತ, ಆಫ್ರಿಕಾ, ಈಜಿಪ್ಟಿನವರ ವಿಷಯದಲ್ಲಿ ಹಾಗೆ ನಡೆಯಲಿಲ್ಲ. ಇದನ್ನು 2021ರಲ್ಲಿ ಕಮಿಷನ್ನೇ ತನ್ನ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದೆ. 45 ಸಾವಿರದಿಂದ 54 ಸಾವಿರ ಜನರನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಲಿಲ್ಲ. ಇನ್ನೂ ಕನಿಷ್ಠ 1,16,000 ಜನರ ಹೆಸರೇ ಎಲ್ಲೂ ಬರೆಯಲಿಲ್ಲ, ಅದು 3,50,000 ವರೆಗೂ ಇರಬಹುದು ಅಂತ ಅದೇ ವರದಿ ಹೇಳುತ್ತದೆ. ಒಬ್ಬೊಬ್ಬರ ಮನೆಯಲ್ಲೂ ಒಬ್ಬ ತಾಯಿ ಇದ್ದರು ಅಂತ ಯೋಚಿಸಿ ನೋಡಿ. ಹಾಗಾಗಿ ಮೊದಲ ಯುದ್ಧಕ್ಕೆ ಹೋದ ನಿಮ್ಮ ಮುತ್ತಜ್ಜನ ಹೆಸರು ಈ ಪಟ್ಟಿಯಲ್ಲಿ ಸಿಗದಿದ್ದರೆ, ಅವರು ಹೋಗಿಯೇ ಇರಲಿಲ್ಲ, ಮನೆಯ ಕಥೆ ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಪಟ್ಟಿಯಲ್ಲಿ ಬಿಟ್ಟುಹೋಗಿರುವ ಸಾಧ್ಯತೆ ನಿಜವಾಗಿಯೂ ಇದೆ.

ಪಟ್ಟಿಯೇ ಇಲ್ಲದವರೂ ಇದ್ದಾರೆ. 1942ರಲ್ಲಿ ಬರ್ಮಾದಲ್ಲಿದ್ದ ಭಾರತೀಯರು ಲಕ್ಷಗಟ್ಟಲೆ ಜನ ಮಕ್ಕಳು ಮರಿ ಕಟ್ಟಿಕೊಂಡು ಕಾಡು ಬೆಟ್ಟ ದಾಟಿ ನಡೆದುಕೊಂಡೇ ಈ ಕಡೆ ಬಂದರು. ದಾರಿಯಲ್ಲಿ ಹಸಿವು, ಮಲೇರಿಯಾ, ಕಾಲರಾದಿಂದ ಸಾವಿರಾರು ಜನ ಸತ್ತರು. ಅವರು ಸೈನಿಕರಲ್ಲ. ಅವರಲ್ಲಿ ಬಹುತೇಕರಿಗೆ ಸೇವಾ ಸಂಖ್ಯೆಯೂ ಇಲ್ಲ, ಕಂಬವೂ ಇಲ್ಲ. ಅಂಥವರ ಕಥೆ ಉಳಿದಿದ್ದರೆ ಅದು ಯಾವುದಾದರೂ ಮನೆಯ ಅಜ್ಜ ಅಜ್ಜಿಯ ಬಾಯಲ್ಲಿ ಮಾತ್ರ.

ಅದಕ್ಕೇ ನನ್ನ ಸಲಹೆ ಇದು. ವೆಬ್‌ಸೈಟು ಎಲ್ಲೂ ಹೋಗಲ್ಲ, ಅದು ನಾಳೆಯೂ ಇರುತ್ತದೆ. ಮೊದಲು ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಫೋನಿನಲ್ಲೇ ಇರುವ ರೆಕಾರ್ಡರ್ ಸಾಕು. ಯುದ್ಧದ ಬಗ್ಗೆ ಹೇಳಿ ಅಂತ ಕೇಳಿದರೆ ಏನೂ ನೆನಪಿಲ್ಲ ಅಂತಾರೆ. ಕೈಗೆ ಒಂದು ವಸ್ತು ಕೊಡಿ, ಹಳೇ ಫೋಟೋ, ಪದಕ, ಕಾಗದ, ಏನಾದರೂ. ಅಜ್ಜಿಯ ಕೈಗೆ ಬರ್ಮಾ ಸ್ಟಾರ್ ಕೊಟ್ಟಾಗ ಅವರು ಮಾತಾಡಿದ್ದು ಯುದ್ಧದ ವಿಷಯ ಅಲ್ಲ, ಸೈಕಲ್ ವಿಷಯ. ಅಣ್ಣ ಅವರನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದದ್ದು, ಕಾಲು ಚಕ್ರಕ್ಕೆ ಸಿಕ್ಕದಿರಲಿ ಅಂತ ಟವೆಲ್ಲಿನಿಂದ ಎರಡೂ ಕಾಲು ಸೇರಿಸಿ ಕಟ್ಟುತ್ತಿದ್ದದ್ದು. ಆ ಟವೆಲ್ಲಿನ ಗಂಟನ್ನು ಅಜ್ಜಿ ಗಾಳಿಯಲ್ಲೇ ಕಟ್ಟಿ ತೋರಿಸಿದರು. ಇದನ್ನು ನನ್ನ ಅಮ್ಮನೂ ಯಾವತ್ತೂ ಕೇಳಿರಲಿಲ್ಲ. ನಡುವೆ ಬಾಯಿ ಹಾಕಬೇಡಿ, ತಾರೀಖು ಕೇಳಿ ತಡೆಯಬೇಡಿ, ಸುಮ್ಮನಿದ್ದಾಗ ನೀವೂ ಸುಮ್ಮನಿರಿ. ಮತ್ತೆ ಶುರು ಮಾಡುತ್ತಾರೆ. ಕೆಲವು ಸಂಗತಿ ಹೇಳುವುದಕ್ಕೆ ಅವರಿಗೆ ಇಷ್ಟ ಇರಲ್ಲ, ಅದನ್ನು ಬಿಟ್ಟುಬಿಡಿ.

ವೆಬ್‌ಸೈಟು ಕನ್ನಡದಲ್ಲಿ ಇಲ್ಲ. ಹಿರಿಯರು ತಾವೇ ಓದಿಕೊಳ್ಳುವುದು ಕಷ್ಟ, ನೀವು ಪಕ್ಕದಲ್ಲಿ ಇರಲೇಬೇಕು. ನಾನು ಪುಟವನ್ನು ಪ್ರಿಂಟ್ ತೆಗೆದು, ಪ್ರತಿ ಸಾಲಿನ ಕೆಳಗೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ತಂದೆಯ ಹೆಸರಿನ ಹತ್ತಿರ ಬೆರಳು ನಿಂತಿತು. ಅಪ್ಪನ ಹೆಸರನ್ನೂ ಹಾಕಿದ್ದಾರೆ ಅಂದರು. ಊರಿನ ಹೆಸರು ಓದಿದರು. ತಾರೀಖು ಓದಿದರು. ಅಳುತ್ತಾರೆ ಅಂತ ನಾನು ಹೆದರಿದ್ದೆ, ಅಳಲಿಲ್ಲ. ವಯಸ್ಸಿನ ಸಾಲಿಗೆ ಬಂದಾಗ ತಲೆ ಅಲ್ಲಾಡಿಸಿದರು.

"ಇಪ್ಪತ್ತೆರಡಲ್ಲ. ಹತ್ತೊಂಬತ್ತು."

ಸೈನ್ಯಕ್ಕೆ ಸೇರುವಾಗ ಅಣ್ಣ ವಯಸ್ಸು ಜಾಸ್ತಿ ಹೇಳಿದ್ದನಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೊರಗೆ ಯಾರೂ ಬಾಯಿ ಬಿಡಲಿಲ್ಲ. ತನಗೂ ಅವನಿಗೂ ಒಂಬತ್ತು ವರ್ಷ ಅಂತರ, ಅವನು ಹೋದಾಗ ತನಗೆ ಎಷ್ಟು, ಆಮೇಲೆ ಎಷ್ಟು ಅಂತ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದರು. ಎರಡು ಸಲ ಹಾಕಿದರು, ಎರಡು ಸಲವೂ ಹತ್ತೊಂಬತ್ತೇ ಬಂತು.

ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳಲು ಕಮಿಷನ್‌ಗೆ ಬರೆಯಬಹುದು, ಆದರೆ ಕಾಗದದ ಆಧಾರ ಬೇಕು. ನಮ್ಮ ಹತ್ತಿರ ಜನನ ಪತ್ರ ಇಲ್ಲ, ಶಾಲೆಯ ದಾಖಲೆಯೂ ಸಿಕ್ಕಿಲ್ಲ, ಇನ್ನೂ ಹುಡುಕುತ್ತಿದ್ದೇನೆ. ಸೈನಿಕರ ಮನೆಯವರು ತಮ್ಮ ನೆನಪು, ಫೋಟೋ ಹಂಚಿಕೊಳ್ಳುವುದಕ್ಕೆ ಅದೇ ವೆಬ್‌ಸೈಟಿನಲ್ಲಿ ಬೇರೆ ಜಾಗ ಇದೆ. ಅಲ್ಲಿಗೆ ಕಳಿಸೋಣ ಅಂತ ಸೈಕಲ್ಲಿನ ಕಥೆ, ಟವೆಲ್ಲು, ಪೆಟ್ರೋಲ್ ಡಬ್ಬ, ಎಲ್ಲ ಬರೆಯುತ್ತಿದ್ದೇನೆ. ದಿನಾ ಸಂಜೆ ಬರೆದಷ್ಟನ್ನು ಅಜ್ಜಿಗೆ ಓದಿ ಹೇಳುತ್ತೇನೆ. ನಿನ್ನೆ ಒಂದು ಕಡೆ ತಡೆದರು. ಟವೆಲ್ ಬಿಳಿ ಅಂತ ಬರೆದಿದ್ದೆ, ಕೆಂಪು ಅಂಚು ಇತ್ತು ಅದನ್ನೂ ಸೇರಿಸು ಅಂದರು. ಸೇರಿಸಿದ್ದೇನೆ.